ಪುಟ ಇನ್ನೂರ ಹನ್ನೆರಡು

ಚೀಟಿಯ ಬುಡದಲ್ಲಿ ಒಂದು ಕಾದಂಬರಿಯ ಹೆಸರು, ಅದರ ಮುಂದೆ ‘ಪುಟ ೨೧೨’ ಎಂದು ಬರೆದಿತ್ತು. ಆ ಕಾದಂಬರಿಯಲ್ಲಿ ಇದ್ದದ್ದೇ ನೂರ ತೊಂಬತ್ತಾರು ಪುಟ. ನಿನ್ನೆ ಬೆಳಿಗ್ಗೆ ಇದು ಕಣ್ಣಿಗೆ ಬಿದ್ದಾಗಿನಿಂದ ಅವನು ಆ ಪುಸ್ತಕವನ್ನು ನಾಲ್ಕು ಸಲ ಕಪಾಟಿನಿಂದ ಇಳಿಸಿ, ಕೊನೆಯ ಹಾಳೆಗಳೇನಾದರೂ ಕಿತ್ತುಹೋಗಿವೆಯೇ ಎಂದು ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದ್ದ. ಏನೂ ಕಿತ್ತಿರಲಿಲ್ಲ. ಬೇರೆ ಮುದ್ರಣದ ಪುಟವಿರಬಹುದೇ ಎಂದರೆ, ಎರಡನೇ ಮುದ್ರಣ ಕಾಣುವಷ್ಟು ಪುಣ್ಯ ಆ ಕಾದಂಬರಿಗೆ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈತಪ್ಪಿ ಬರೆದದ್ದು ಎಂದು ಬಿಟ್ಟುಬಿಡುತ್ತಿದ್ದರು. ಅವನು ಬಿಡುವವನಲ್ಲ. ಈ ನಿಘಂಟು ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಅವನ ಕೆಲಸವೇ ಅದು. ಹೊರಗಿನ ಓದುಗರು ಮನೆಯಲ್ಲಿ ಕೂತು ಪುಸ್ತಕ ಓದಿ ಒಂದೊಂದು ಪದಕ್ಕೆ ಒಂದೊಂದು ಚೀಟಿ ಬರೆದು ಕಳಿಸುತ್ತಾರೆ. ಮೇಲೆ ಪದ, ನಡುವೆ ಆ ಪದ ಬಂದ ವಾಕ್ಯ, ಬುಡದಲ್ಲಿ ಪುಸ್ತಕದ ಹೆಸರು ಮತ್ತು ಪುಟ, ಹಿಂಬದಿಗೆ ಓದುಗರ ನಂಬರು. ಆ ಅಕ್ಷರದ ಸರದಿ ಬರುವವರೆಗೆ ಚೀಟಿ ಡ್ರಾಯರಿನಲ್ಲಿರುತ್ತದೆ. ಸರದಿ ಬಂದಾಗ ಆ ವಾಕ್ಯ ಆ ಪುಟದಲ್ಲಿ ನಿಜವಾಗಿಯೂ ಇದೆಯೇ ಎಂದು ನೋಡಿ, ಇದ್ದರೆ ಮೂಲೆಯಲ್ಲಿ ಕೆಂಪು ಶಾಯಿಯ ಗುರುತು ಹಾಕುವವನು ಅವನು. ಬೆನ್ನ ಹಿಂದೆ ತನ್ನನ್ನು ‘ಪುಟಸಂಖ್ಯೆ’ ಎಂದು ಕರೆಯುತ್ತಾರೆಂಬುದು ಅವನಿಗೆ ಗೊತ್ತಿತ್ತು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಚೀಟಿಯ ಮೇಲಿದ್ದ ಪದ ‘ಸಂಗೀತ’. ವಾಕ್ಯ ಹೀಗಿತ್ತು: ‘ಅವನು ಊರಿಗೆ ಹೋದ ದಿನ ಮನೆ ತುಂಬ ಸಂಗೀತ, ಬಾಗಿಲಾಚೆ ಕೀಲಿಕೈ ಸದ್ದಾದದ್ದೇ ತಡ, ಎಲ್ಲ ಗಪ್‌ಚಿಪ್.’ ಹಿಂಬದಿಗೆ ಮೂವತ್ತೊಂದು ಎಂಬ ನಂಬರು. ನಂಬರು ನೋಡುವ ಅಗತ್ಯವೇ ಇರಲಿಲ್ಲ. ತಲೆಕಟ್ಟು ಬಿಟ್ಟು ಎರಡು ಅಕ್ಷರ ಮುಂದೆ ಹೋಗಿ, ಆಮೇಲೆ ನೆನಪಾದವರ ಹಾಗೆ ಹಿಂದಕ್ಕೆ ಬಂದು ಹಾಕುವ ಆ ಕೈಬರಹವನ್ನು ಅವನು ದಿನಾ ಅಂಗಡಿಯ ಪಟ್ಟಿಯಲ್ಲಿ, ಹಾಲಿನವನಿಗೆಂದು ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ನೋಡುತ್ತಾನೆ. ಮೂವತ್ತೊಂದನೇ ಓದುಗಿ ಅವನ ಹೆಂಡತಿ. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದಳೆಂದು ಅವನೇ ತಂದುಕೊಟ್ಟ ಕೆಲಸ. ನಾಲ್ಕು ವರ್ಷ ಮಾಡಿ, ಕಣ್ಣು ನೋಯುತ್ತದೆ ಎಂದು ಬಿಟ್ಟಳು. ಬಿಟ್ಟು ಹನ್ನೊಂದು ವರ್ಷವಾಯಿತು. ಆಗ ಕಚೇರಿ ಇನ್ನೂ ದಕಾರದಲ್ಲಿತ್ತು. ‘ನೀವು ಸಕಾರ ಮುಟ್ಟೋ ಹೊತ್ತಿಗೆ ನಿಮ್ಮ ಕನ್ನಡಕ ಇಷ್ಟು ದಪ್ಪ ಆಗಿರುತ್ತೆ ನೋಡಿ’ ಎಂದು ಹೆಬ್ಬೆರಳು ತೋರುಬೆರಳಿನಲ್ಲಿ ಅಳತೆ ತೋರಿಸಿ ನಕ್ಕಿದ್ದಳು. ಅವನೂ ನಕ್ಕಿದ್ದ. ಈಗ ಆ ನಗುವಿನ ಬಗ್ಗೆಯೇ ಅನುಮಾನ. ನಗುವಾಗ ಈ ಚೀಟಿ ಬರೆದು ಡ್ರಾಯರಿಗೆ ಹೋಗಿಯಾಗಿತ್ತೇ? ಅವನು ಸಕಾರ ಮುಟ್ಟುವುದೇ ಇಲ್ಲ ಎಂಬ ಧೈರ್ಯದಲ್ಲಿ ಬರೆದಳೋ, ಒಂದಲ್ಲ ಒಂದು ದಿನ ಮುಟ್ಟಿಯೇ ಮುಟ್ಟುತ್ತಾನೆ ಎಂದು ಲೆಕ್ಕ ಹಾಕಿ ಬರೆದಳೋ? ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಅವನಿಗೆ ತೀರ್ಮಾನಿಸಲಾಗಲಿಲ್ಲ.

“ಸಾರ್, ಸಂಗೀತ ಬಿಟ್ಟು ಸಂತಾಪಕ್ಕೆ ಹಾರಿದ್ರಾ? ಮುಖ ಹಾಗಿದೆ,” ಎಂದಳು ಪಕ್ಕದ ಮೇಜಿನಲ್ಲಿ ಕರಡು ತಿದ್ದುವಾಕೆ. ಅವಳು ಕಡಲೆಕಾಯಿ ತಿನ್ನುತ್ತಾ ಕೆಲಸ ಮಾಡುತ್ತಾಳೆ, ಸಿಪ್ಪೆಯನ್ನು ಹಳೆಯ ಚೀಟಿಗಳ ಪೊಟ್ಟಣದಲ್ಲಿ ಹಾಕುತ್ತಾಳೆ. ಅವನು ಚೀಟಿಯ ಮೇಲೆ ಅಂಗೈ ಇಟ್ಟ. “ಅದ್ಯಾಕೆ ಮುಚ್ಕೋತೀರಿ? ನಾನೇನು ಕದಿಯಲ್ಲ. ಸಂಪಾದಕರು ಎರಡು ಸಲ ಕೇಳಿ ಕಳ್ಸಿದ್ರು, ಸಂಜೆ ಒಳಗೆ ಬೇಕಂತೆ.” ಅವಳ ಕಣ್ಣು ಮೇಜಿನ ಕೆಳಗಿದ್ದ ಪ್ರಯಾಣದ ಬ್ಯಾಗಿನ ಮೇಲೆ ಹೋಯಿತು. “ಊರಿಗೆ ಹೊರಟ್ರಾ?” ಅವನು “ಇಲ್ಲ, ಜಿಪ್ ಹೋಗಿದೆ, ರಿಪೇರಿಗೆ” ಎಂದ. ಜಿಪ್ ಚೆನ್ನಾಗಿಯೇ ಇತ್ತು. ಅವಳು ಬಗ್ಗಿ ನೋಡಿಬಿಟ್ಟರೆ ಎಂದು ಬ್ಯಾಗನ್ನು ಕಾಲಿನಿಂದ ಒಳಕ್ಕೆ ತಳ್ಳಿದ.

ಸಂಗೀತದ ಕಟ್ಟಿನಲ್ಲಿ ನೂರ ನಲವತ್ಮೂರು ಚೀಟಿ. ಮೂರು ದಿನದಿಂದ ಅವನ್ನು ಮೇಜಿನ ಮೇಲೆ ಹರಡಿ ಗುಂಪು ಮಾಡುತ್ತಿದ್ದ. ಮೊದಲನೆಯದು ಸುಲಭ: ಹಾಡು, ವಾದ್ಯ, ಅದರ ವಿದ್ಯೆ. ಎರಡನೆಯದು ಕಿವಿಗೆ ಹಿತವಾಗುವ ಯಾವುದೇ ಸದ್ದು, ನೀರಿನದು, ಎಲೆಯದು, ಮಗುವಿನ ಕಾಲಿನದು. ಮೂರನೆಯದು ತಮಾಷೆಗೆ ಹೇಳುವುದು: ಗೊರಕೆ, ಸೊಳ್ಳೆ, ತಡವಾಗಿ ಮನೆಗೆ ಹೋದವನಿಗೆ ಕಾದಿರುವ ಬೈಗುಳ. ನಾಲ್ಕನೆಯದು ಸದ್ದೇ ಇಲ್ಲದ ಕಡೆ ಇರುವ ಹೊಂದಿಕೆ, ಒಬ್ಬರ ಬರಹದ ಸಂಗೀತ, ನಡಿಗೆಯ ಸಂಗೀತ ಎಂದ ಹಾಗೆ. ‘ಸಂ’ ಎಂದರೆ ಚೆನ್ನಾಗಿ ಎಂದು ಕೆಲವರೂ, ಕೂಡಿ ಎಂದು ಕೆಲವರೂ ವಾದಿಸುತ್ತಾರೆ. ಅವನಿಗೆ ಎರಡೂ ಅಷ್ಟಕ್ಕಷ್ಟೆ. ಚೆನ್ನಾಗಿಯೂ ಹಾಡಲಿಲ್ಲ, ಕೂಡಿಯೂ ಹಾಡಲಿಲ್ಲ. ಎಂಟನೇ ವಯಸ್ಸಿನಲ್ಲಿ ಶಾಲೆಯ ಹಾಡಿನ ತಂಡದ ಎರಡನೇ ಸಾಲಿನಲ್ಲಿ ನಿಂತಿದ್ದ. ಹಾಡಿನ ಮೇಷ್ಟ್ರು ಒಂದೊಂದೇ ಬಾಯಿಯ ಹತ್ತಿರ ಕಿವಿಯಿಟ್ಟು ಬಂದವರು ಅವನ ಬಾಯಿಯ ಹತ್ತಿರ ನಿಂತರು, ಕಿವಿಯನ್ನು ಬೆರಳಿನಿಂದ ತಿಕ್ಕಿಕೊಂಡರು. ‘ನೀನು ಬಾಯಿ ಮಾತ್ರ ಆಡ್ಸಪ್ಪ, ಧ್ವನಿ ಬೇಡ’ ಎಂದರು. ಬೈದು ಹೊರಗೆ ಹಾಕಿದ್ದರೂ ಆಗುತ್ತಿತ್ತು. ಪ್ರದರ್ಶನದ ದಿನ ಅಮ್ಮ ಮೂರನೇ ಸಾಲಿನ ಕುರ್ಚಿಯಲ್ಲಿ ಕೂತು ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಚೆನ್ನಾಗಿ ಆಡಿಸಿದ. ಮನೆಗೆ ಬರುವಾಗ ಅಮ್ಮ ‘ಎಲ್ಲರಲ್ಲೂ ನಿನ್ನ ಧ್ವನಿ ಎದ್ದು ಕೇಳ್ತಿತ್ತು ಕಣೋ’ ಎಂದಳು. ಯಾರನ್ನೂ ನಂಬಬಾರದೆಂದು ಅವನಿಗೆ ಮೊದಲು ಅನಿಸಿದ್ದು ಆವತ್ತು, ಅಮ್ಮನ ಕೈ ಹಿಡಿದುಕೊಂಡು ರಸ್ತೆ ದಾಟುವಾಗ.

ಮದುವೆಯಾದ ಮೊದಲ ವಾರದಲ್ಲಿ ಹೆಂಡತಿ ಕಿಟಕಿಯ ಬಳಿ ಕೂದಲು ಒಣಗಿಸಿಕೊಳ್ಳುತ್ತಾ ಏನೋ ಗುನುಗುತ್ತಿದ್ದಳಲ್ಲ. ‘ಪಕ್ಕದ ಮನೆಯವರಿಗೆ ಕೇಳ್ಸುತ್ತೆ’ ಎಂದಿದ್ದ. ಅಷ್ಟೇ ಎಂದದ್ದು. ಇನ್ನೊಂದು ಸಲ ತಲೆನೋವು ಎಂದಿದ್ದ, ಇನ್ನೊಂದು ಸಲ ದಿನವಿಡೀ ಪದಗಳ ಜೊತೆ ಗುದ್ದಾಡಿ ಬಂದಿರುತ್ತೇನೆ ಎಂದಿದ್ದ. ನಾಲ್ಕನೇ ಸಲ ಹೇಳಬೇಕಾಗಿ ಬರಲಿಲ್ಲ. ಹೇಳಿದ್ದು ಬೇಗ ಅರ್ಥ ಮಾಡಿಕೊಳ್ಳುವ ಹೆಣ್ಣು ಎಂದು ಆಗ ಸಮಾಧಾನವಾಗಿತ್ತು. ಹಾಗಾದರೆ ಮನೆ ತುಂಬ ಸಂಗೀತ ಎಂದರೆ ಯಾರ ಸಂಗೀತ? ಮೂರನೇ ಮಹಡಿಯಲ್ಲಿ, ಅವನ ಮನೆಯ ಸರಿಯಾಗಿ ಕೆಳಗೆ, ವಾದ್ಯಗಳನ್ನು ರಿಪೇರಿ ಮಾಡುವವನೊಬ್ಬ ಇದ್ದಾನೆ. ಹೆಂಡತಿ ಸತ್ತವನು. ಬೀದಿಯಲ್ಲಿ ಅಂಗಡಿ, ಬೆರಳುಗಳಲ್ಲಿ ಯಾವಾಗಲೂ ಅಂಟಿನ ವಾಸನೆ. ಮೆಟ್ಟಿಲಿನಲ್ಲಿ ಎದುರಾದಾಗ ಏನೋ ಗುನುಗುತ್ತಿದ್ದವನು ಇವನನ್ನು ಕಂಡು ನಿಲ್ಲಿಸಿಬಿಡುತ್ತಾನೆ, ‘ಮನೆಯವರು ಹುಷಾರಾಗಿದ್ದಾರಾ ಸಾರ್’ ಎನ್ನುತ್ತಾನೆ. ಯಾಕೆ ನಿಲ್ಲಿಸಬೇಕು? ಮನೆಯವರ ಹುಷಾರಿನ ಉಸಾಬರಿ ಅವನಿಗೇಕೆ? ಅಡುಗೆಮನೆಯ ಎರಡನೇ ಹಲಗೆಯಲ್ಲಿ ಗಂಟಲು ಮಾತ್ರೆಯ ಡಬ್ಬಿ ಇದೆ, ಅದರಲ್ಲಿ ಮಾತ್ರೆ ಕಡಿಮೆಯಾಗುತ್ತಲೇ ಇರುತ್ತದೆ. ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ. ತಿಂಗಳಿಗೆ ಎರಡು ದಿನ ಪಕ್ಕದ ಊರಿನ ಮುದ್ರಣಾಲಯಕ್ಕೆ ಹೋಗುವಾಗ ಅವಳು ತಪ್ಪದೆ ಕೇಳುತ್ತಾಳೆ, ‘ಎಷ್ಟು ಗಂಟೆ ಬಸ್ಸು? ವಾಪಸ್ ಎಷ್ಟು ಗಂಟೆಗೆ?’ ಕಾಳಜಿ ಎಂದುಕೊಂಡಿದ್ದ. ಹದಿನೈದು ವರ್ಷದ ಕಾಳಜಿಯನ್ನು ನಿನ್ನೆ ಒಂದೇ ಮಧ್ಯಾಹ್ನದಲ್ಲಿ ಅವನು ಚೀಟಿಗಳನ್ನು ಗುಂಪು ಮಾಡಿದ ಹಾಗೆ ಗುಂಪು ಮಾಡಿ ಮುಗಿಸಿದ್ದ.

ಮಗಳು ನಾಲ್ಕು ವರ್ಷದವಳಿದ್ದಾಗ, ಅವನು ಬಾಗಿಲು ತೆಗೆದು ಒಳಗೆ ಬಂದರೆ ತುಟಿಯ ಮೇಲೆ ಬೆರಳಿಟ್ಟುಕೊಂಡು ‘ಶ್, ಅಪ್ಪ ಬಂದ್ರು’ ಎನ್ನುತ್ತಿದ್ದಳು. ಅದನ್ನು ಅವನು ಕಚೇರಿಯಲ್ಲಿ ಎಲ್ಲರಿಗೂ ಹೇಳಿದ್ದ. ನನ್ನ ದಣಿವು ಅಷ್ಟು ಚಿಕ್ಕ ಮಗುವಿಗೂ ಗೊತ್ತಾಗುತ್ತದೆ ನೋಡಿ ಎಂದು. ಈಗ ಅವಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದಾಳೆ. ಆ ಬೆರಳು ಯಾರನ್ನು ಸುಮ್ಮನಿರಿಸಿತ್ತು? ಹಾಗಾದರೆ ಮಗುವಿಗೂ ಗೊತ್ತಿತ್ತು. ಅವನು ಎದ್ದು ಹೋಗಿ, ಕಚೇರಿಯ ಹೂಜಿಯಿಂದ ಎರಡು ಲೋಟ ನೀರು ಕುಡಿದು ಬಂದು ಕೂತ.

ಸುಳ್ಳು ಚೀಟಿ ಬರೆದವರಿಗೆ ಈ ಕಚೇರಿಯಲ್ಲಿ ಕ್ಷಮೆ ಇಲ್ಲ. ಆ ಕಟ್ಟಳೆಯನ್ನು ಗಟ್ಟಿ ಮಾಡಿದವನೂ ಅವನೇ. ಎಂಟು ವರ್ಷದ ಕೆಳಗೆ ಒಬ್ಬ ನಿವೃತ್ತ ಮಾಸ್ತರರು ಕಳಿಸಿದ ಮೂರು ವಾಕ್ಯಗಳು ಯಾವ ಪುಸ್ತಕದಲ್ಲೂ ಇಲ್ಲವೆಂದು ಅವನು ಕಂಡುಹಿಡಿದ. ಅವರನ್ನು ಕರೆಸಿ, ಎಲ್ಲರ ಎದುರಿಗೆ ಪುಸ್ತಕ ತೆರೆದಿಟ್ಟು ‘ತೋರಿಸಿ’ ಎಂದ. ಮುದುಕರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ನಿಂತರು. ‘ನಮ್ಮ ಅತ್ತಿಗೆ ಆ ಮಾತು ದಿನಾ ಆಡ್ತಿದ್ರು. ಪುಸ್ತಕದಲ್ಲಿ ಹುಡುಕಿದೆ, ಯಾರೂ ಬರೆದಿರಲಿಲ್ಲ. ಮಾತು ಉಳೀಲಿ ಅಂತ ನಾನೇ ಒಂದು ಪುಟ ಹಾಕ್ದೆ. ಪದ ಮಾತ್ರ ಸುಳ್ಳಲ್ಲ ಸ್ವಾಮಿ’ ಎಂದರು. ಅವನು ಅವರ ಸಾವಿರದ ಇನ್ನೂರು ಚೀಟಿಗಳನ್ನೂ ರದ್ದಿಗೆ ಹಾಕಿಸಿದ. ಆ ದಿನ ಸಂಜೆ ಮನೆಯಲ್ಲಿ ಇದನ್ನು ಹೇಳಿಕೊಂಡಾಗ ಹೆಂಡತಿ ಊಟ ಬಡಿಸುತ್ತಿದ್ದವಳು ಸೌಟನ್ನು ಹಾಗೇ ಹಿಡಿದುಕೊಂಡು, ‘ಅಷ್ಟೂ ಹಾಕ್ಬಿಟ್ರಾ?’ ಎಂದು ಕೇಳಿದ್ದಳು. ಅವಳಿಗೆ ಅಷ್ಟು ಬೇಸರ ಯಾಕೆಂದು ಅವನು ಯೋಚಿಸಿರಲಿಲ್ಲ.

ನಿನ್ನೆ ಸಂಜೆ ಅವನು ಶೂ ಬಿಚ್ಚುತ್ತಾ, ಮುಖ ಕೆಳಗೆ ಮಾಡಿಕೊಂಡು, “ನಾಳೆ ಮುದ್ರಣಾಲಯಕ್ಕೆ ಹೋಗ್ಬೇಕು,” ಎಂದಿದ್ದ.

“ಈ ತಿಂಗಳು ಆಗಲೇ ಎರಡು ಸಲ ಹೋಗಿ ಬಂದ್ರಲ್ಲ?” ಅವಳು ಬಟ್ಟೆ ಮಡಿಸುತ್ತಿದ್ದಳು.

“ಏನೋ ಅರ್ಜೆಂಟು.”

“ಎಷ್ಟು ಗಂಟೆ ಬಸ್ಸು?”

ಅವನು ತಲೆಯೆತ್ತಿ ನೋಡಿದ. ಅವಳು ಅವನದೇ ಅಂಗಿಯ ತೋಳನ್ನು ನೇರ ಮಾಡುತ್ತಿದ್ದಳು. “ಎಂಟಕ್ಕೆ. ಬರೋದು ಏಳಾಗುತ್ತೆ,” ಎಂದ. ಅವಳು ಸರಿ ಎಂದಳು. ಆ ಸರಿಯಲ್ಲಿ ಒಂದು ಹಗುರವಿತ್ತು ಎಂದು ಅವನಿಗೆ ಖಂಡಿತವಾಗಿ ಅನಿಸಿತು, ಇರಲಿಲ್ಲ ಎಂದೂ ಅನಿಸಿತು. ಬೆಳಿಗ್ಗೆ ಡಬ್ಬಿಗೆ ಊಟ ಕಟ್ಟಿ ಬ್ಯಾಗಿನಲ್ಲಿಟ್ಟಳು. ದಾರಿಗೆಂದು ಎರಡು ಬಾಳೆಹಣ್ಣು ಬೇರೆ.

ಹನ್ನೆರಡು ಗಂಟೆಗೆ ಅವನು ಎದ್ದ. “ಜಿಪ್ಪಿನವನ ಹತ್ರ ಹೋಗ್ಬರ್ತೀನಿ,” ಎಂದು ಕರಡು ತಿದ್ದುವಾಕೆಗೆ ಹೇಳಿ, ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಕಚೇರಿಯಿಂದ ಚೀಟಿ ಹೊರಗೆ ಒಯ್ಯಬಾರದು. ಆ ನಿಯಮವನ್ನೂ ಬಾಗಿಲ ಮೇಲೆ ಅಂಟಿಸಿದವನು ಅವನೇ. ಬೀದಿಯಲ್ಲಿ ಹೋಗುವವರೆಲ್ಲ ತನ್ನ ಬ್ಯಾಗನ್ನು ನೋಡುತ್ತಿದ್ದಾರೆ ಎನಿಸಿತು. ಔಷಧದ ಅಂಗಡಿಯವನು ಕೈಯೆತ್ತಿ ನಮಸ್ಕಾರ ಮಾಡಿದಾಗ ಇವನಿಗೂ ಗೊತ್ತಿರಬೇಕು, ಗಂಟಲು ಮಾತ್ರೆ ಮಾರುವವನು ಇವನೇ ತಾನೆ ಎಂದುಕೊಂಡ. ಗಂಡ ಎನ್ನಿಸಿಕೊಂಡವನು ಹಾಡುಹಗಲಲ್ಲಿ ತನ್ನ ಮನೆಗೇ ಕಳ್ಳನ ಹಾಗೆ ಹೋಗುತ್ತಿದ್ದಾನೆ ಎಂದು ಯೋಚಿಸಿ ನಾಚಿಕೆಯಾಯಿತು, ಆದರೂ ಕಾಲು ನಿಲ್ಲಲಿಲ್ಲ. ಒಳಗೆ ಯಾರಾದರೂ ಇದ್ದರೆ ಏನು ಮಾಡುವುದು? ಇಪ್ಪತ್ಮೂರು ವರ್ಷದ ಸಂಸಾರ ಒಂದು ಚೀಟಿಯ ಮೇಲೆ ನಿಂತುಬಿಟ್ಟಿತು. ಯಾರೂ ಇಲ್ಲದಿದ್ದರೆ? ಇಲ್ಲದಿರಲಿ ಎಂದು ಬೇಡಿಕೊಂಡ. ಇದ್ದರೆ ತಾನು ನೋಡಿದ್ದು ಸರಿ ಎಂದಾದರೂ ಆಗುತ್ತದೆ ಎಂದು ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಮೂಲೆ ತಿರುಗಿದರೆ ರಿಪೇರಿಯವನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು, ಅದಕ್ಕೊಂದು ರಟ್ಟು ತೂಗುಹಾಕಿತ್ತು: ‘ಈಗ ಬರುತ್ತೇನೆ.’ ಅವನು ಅಲ್ಲೇ ನಿಂತು ಆ ಎರಡು ಪದಗಳನ್ನು ಮೂರು ಸಲ ಓದಿದ.

ನಾಲ್ಕನೇ ಮಹಡಿಯವರೆಗೆ ಐವತ್ತೆರಡು ಮೆಟ್ಟಿಲು. ಶೂ ಸದ್ದಾಗದಂತೆ ತುದಿಗಾಲಲ್ಲಿ ಹತ್ತಿದ. ಮೂರನೇ ಮಹಡಿ ದಾಟಿ ಅರ್ಧ ಹತ್ತುವ ಹೊತ್ತಿಗೆ ಕೇಳಿಸಿತು. ಹಾಡು. ತನ್ನ ಮನೆಯ ಬಾಗಿಲಿನ ಒಳಗಿನಿಂದಲೇ. ಅವನು ಬ್ಯಾಗನ್ನು ಎದೆಗೆ ಒತ್ತಿಕೊಂಡು, ಹಾಡಿನ ಅಡಿಯಲ್ಲಿ ಗಂಡಸಿನ ಧ್ವನಿ ಹುಡುಕಿದ, ತಂತಿಯ ಸದ್ದು ಹುಡುಕಿದ, ಕೆಮ್ಮು, ನಗು, ಕುರ್ಚಿ ಎಳೆದದ್ದು, ಏನಾದರೊಂದು. ಹೆಂಗಸಿನ ಧ್ವನಿ ಒಂದೇ. ಸ್ವಲ್ಪ ಒರಟಾದ, ಅಷ್ಟೇನೂ ಸಿಹಿಯಲ್ಲದ ಧ್ವನಿ. ಒಂದು ಕಡೆ ಮೇಲೆ ಹೋಗಬೇಕಾದಲ್ಲಿ ಅದು ಒಡೆಯಿತು, ನಿಂತಿತು, ಹಿಂದಕ್ಕೆ ಹೋಗಿ ಅದೇ ಸಾಲನ್ನು ಮತ್ತೆ ಹಿಡಿಯಿತು, ಮತ್ತೆ ಒಡೆಯಿತು. ಯಾರಿವಳು ಎಂದು ಅವನು ಯೋಚಿಸಿದ. ಒಡೆದಾಗ ‘ಥೂ ಇದರ’ ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ಕೇಳಿದ ಮೇಲೆಯೇ ಅದು ತನ್ನ ಹೆಂಡತಿ ಎಂದು ಗೊತ್ತಾದದ್ದು. ಅವಳಿಗೆ ಹಾಡುವ ಧ್ವನಿ ಇದೆಯೆಂದು ಅವನಿಗೆ ತಿಳಿದಿರಲಿಲ್ಲ. ಬೇರೆ ಯಾರೂ ಇರಲಿಲ್ಲ. ಆಗಬೇಕಾದ ಸಮಾಧಾನ ಆಗಲಿಲ್ಲ. ಯಾರಾದರೂ ಇದ್ದಿದ್ದರೆ ತಪ್ಪು ಆ ಇನ್ನೊಬ್ಬನ ಮೇಲೆ ಹೊರಿಸಬಹುದಿತ್ತು.

ಹಿಂದಿನಿಂದ ಯಾರೋ ಹತ್ತಿ ಬಂದರು. ರಿಪೇರಿಯವನು, ಕಂಕುಳಲ್ಲಿ ಒಂದು ಬ್ರೆಡ್ಡು. ತನ್ನ ಮಹಡಿಯಲ್ಲೇ ನಿಂತು ತಲೆಯೆತ್ತಿ ಇವನನ್ನು ಕಂಡ. ಕಂಡು ತುಟಿಯ ಮೇಲೆ ಬೆರಳಿಟ್ಟ. “ನೀವೂ ನಿಂತ್ರಾ ಸಾರ್,” ಎಂದ, ಪಿಸುಮಾತಿನಲ್ಲಿ. “ನಾನು ಊಟಕ್ಕೆ ಈ ಹೊತ್ತಿಗೇ ಬರೋದು. ನೀವು ಊರಲ್ಲಿಲ್ಲದ ದಿನ ತುಂಬ ಹೊತ್ತು ಹಾಡ್ತಾರೆ. ಬೇರೆ ದಿನ ನೀವು ಬರೋದರೊಳಗೆ ಮುಗಿಸ್ತಾರೆ.” ಆಮೇಲೆ, ಹೇಳಬಾರದ್ದನ್ನು ಹೇಳಿದೆನೇನೋ ಎಂಬಂತೆ ಇವನ ಮುಖ ನೋಡಿ, “ನಾವ್ಯಾರೂ ಅವರ ಹತ್ರ ಕೇಳಿಸುತ್ತೆ ಅಂದಿಲ್ಲ. ಅಂದ್ರೆ ನಿಲ್ಲಿಸಿಬಿಡ್ತಾರೆ ಅಂತ,” ಎಂದು ಸದ್ದಿಲ್ಲದೆ ತನ್ನ ಬಾಗಿಲು ತೆಗೆದು ಒಳಗೆ ಹೋದ. ನಾವ್ಯಾರೂ ಎಂದ. ಅಂದರೆ ಇಡೀ ಕಟ್ಟಡಕ್ಕೆ ಗೊತ್ತಿತ್ತು.

ಅವನು ಉಳಿದ ಮೆಟ್ಟಿಲುಗಳನ್ನೂ ತುದಿಗಾಲಲ್ಲೇ ಹತ್ತಿ ಬಾಗಿಲ ಮುಂದೆ ನಿಂತ. ಹಾಡು ಮತ್ತೆ ಆ ಸಾಲಿಗೆ ಬಂತು. ಅವನು ಉಸಿರು ಬಿಗಿಹಿಡಿದ. ಈ ಸಲ ಒಡೆಯದಿರಲಿ ಎಂದುಕೊಂಡ. ಒಡೆಯಲಿಲ್ಲ. ಮೇಲೆ ಹೋಗಿ ಅಲ್ಲಿ ಒಂದು ಕ್ಷಣ ನಿಂತು ಇಳಿಯಿತು. ಆಗ ಅವನಿಗೆ ತನ್ನ ತುಟಿಗಳು ಆಡುತ್ತಿರುವುದು ಗೊತ್ತಾಯಿತು. ಪದ ಗೊತ್ತಿಲ್ಲ, ಧ್ವನಿ ಇಲ್ಲ, ಬರಿಯ ಬಾಯಿ, ಎರಡನೇ ಸಾಲಿನಲ್ಲಿ ನಿಂತ ಹುಡುಗ ಕಲಿತದ್ದೇ ಅದು. ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳಲು ಕೈಯೆತ್ತಿದ. ಬಾಗಿಲ ಹತ್ತಿರ ಬಂದಾಗ ಅಭ್ಯಾಸದಿಂದ ಹೊರಗೆ ತೆಗೆದಿದ್ದ ಕೀಲಿಕೈ ಗೊಂಚಲು ಆ ಕೈಯಲ್ಲೇ ಇತ್ತು. ಅದು ಒಂದೇ ಒಂದು ಸಲ ಝಣ್ ಎಂದಿತು. ಒಳಗೆ ಹಾಡು ನಡುವಿನಲ್ಲಿ ನಿಂತುಹೋಯಿತು. ಇಪ್ಪತ್ತಾರು ವರ್ಷದಲ್ಲಿ ಅವನು ಸರಿನೋಡಿದ ವಾಕ್ಯಗಳಲ್ಲಿ ಅಕ್ಷರಕ್ಕೆ ಅಕ್ಷರ ಇಷ್ಟು ಸರಿಯಿದ್ದದ್ದು ಇನ್ನೊಂದಿರಲಿಲ್ಲ.

ಅವನು ಬೀಗ ತೆಗೆಯುವ ಮೊದಲೇ ಅವಳು ಬಾಗಿಲು ತೆಗೆದಳು. ಕೆನ್ನೆ ಕೆಂಪಾಗಿತ್ತು. “ಬಂದ್ಬಿಟ್ರಾ? ಬಸ್ಸು ಸಿಗ್ಲಿಲ್ವಾ?”

“ಕೆಲಸ ಮುಂದಕ್ಕೆ ಹೋಯ್ತು.” ಅವನು ಒಳಗೆ ಬಂದು ಬ್ಯಾಗನ್ನು ಕುರ್ಚಿಯ ಮೇಲಿಟ್ಟ. ಮೇಜಿನ ಮೇಲೆ ಒಂದು ಲೋಟ ಬಿಸಿನೀರು, ಅರ್ಧ ಕುಡಿದದ್ದು. ಬೇರೆ ಲೋಟ ಇರಲಿಲ್ಲ. ಇನ್ನೂ ನೋಡುತ್ತಿದ್ದೇನಲ್ಲ ಎಂದು ತನ್ನ ಬಗ್ಗೆಯೇ ಅಸಹ್ಯವಾಯಿತು. “ಹಾಡು ಕೇಳಿದ ಹಾಗಾಯ್ತು,” ಎಂದ.

“ರೇಡಿಯೋ,” ಎಂದಳು ಅವಳು.

ರೇಡಿಯೋ ಬೀರುವಿನ ಮೇಲಿತ್ತು, ಅದರ ಮೇಲೆ ಹಳೆಯ ಪೇಪರಿನ ಕಟ್ಟು. ಅದರ ಪ್ಲಗ್ಗನ್ನು ಆರು ವರ್ಷದ ಕೆಳಗೆ ತನ್ನ ಓದುವ ದೀಪಕ್ಕೆಂದು ಬಿಚ್ಚಿಕೊಂಡವನು ಅವನೇ. ತುಂಡು ವೈರು ಬೀರುವಿನ ಪಕ್ಕದಲ್ಲಿ ಇಳಿಬಿದ್ದಿತ್ತು. ಇಬ್ಬರೂ ಆ ವೈರನ್ನು ನೋಡಿದರು. ಜೇಬಿನಲ್ಲಿ ಚೀಟಿ ಇತ್ತು. ಮೇಜಿನ ಮೇಲಿಟ್ಟು ‘ತೋರಿಸು’ ಎಂದರೆ ಸಾಕಿತ್ತು. ಅವಳಿಗೆ ತೋರಿಸಲು ಪುಟವಿರಲಿಲ್ಲ. ಅವನು ಆ ಮುದುಕರ ಕೊಡೆಯನ್ನು ನೆನೆಸಿಕೊಂಡ.

“ಇನ್ನೊಂದ್ಸಲ ಹಾಕು,” ಎಂದ. ಧ್ವನಿ ಅವನು ಬಯಸಿದಷ್ಟು ಮೆತ್ತಗೆ ಬರಲಿಲ್ಲ. ಆಣತಿಯ ಹಾಗೆ ಬಂತು.

ಅವಳು ಅವನನ್ನು ನೋಡಿದಳು. ಎಲ್ಲ ಕೇಳಿಸಿಕೊಂಡಿದ್ದಾನೆಂದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ಅವನಿಗೂ ಗೊತ್ತಾಯಿತು. “ನೀವಿದ್ದಾಗ ಅದು ಹಿಡಿಯಲ್ಲ ರೀ,” ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಸ್ಟೇಷನ್ ಹಿಡಿಯದಿದ್ದರೆ ಯಾರಿಂದ ತಾನೆ ಏನು ಮಾಡಲಾಗುತ್ತದೆ ಎಂಬಂತೆ ಹೇಳಿದಳು.

ಅವನಿಗೆ ಅಳು ಬಂದಂತಾಯಿತು. ಬ್ಯಾಗಿನಿಂದ ಡಬ್ಬಿ ಮಾತ್ರ ತೆಗೆದುಕೊಂಡ. “ಕಚೇರಿಗೆ ಹೋಗ್ತೀನಿ. ಒಂದು ಪದ ಮುಗಿಸೋದಿದೆ. ಏಳಕ್ಕೆ ಬರ್ತೀನಿ,” ಎಂದ. ಬಾಗಿಲಲ್ಲಿ ನಿಂತು, “ಏಳಕ್ಕೆ ಮುಂಚೆ ಬರಲ್ಲ,” ಎಂದು ಸೇರಿಸಿದ.

“ಏಳಾ?”

“ಏಳು.”

ಬಾಗಿಲು ಮುಚ್ಚಿತು. ಅವನು ಹೊರಗೆ ನಿಂತ. ಶುರುವಾಗಬಹುದು ಎಂದು ಕಾದ. ಒಳಗೆ ನಲ್ಲಿ ತಿರುಗಿಸಿದ ಸದ್ದೂ ಇಲ್ಲ. ಬಾಗಿಲಿನ ಆ ಕಡೆ, ಒಂದು ಹಲಗೆಯ ದೂರದಲ್ಲಿ, ಅವಳೂ ನಿಂತು ಕೇಳುತ್ತಿದ್ದಾಳೆ ಎಂದು ಅವನಿಗೆ ಹೊಳೆದದ್ದು ಸ್ವಲ್ಪ ತಡವಾಗಿ. ಇಷ್ಟು ವರ್ಷವೂ ಹೀಗೇ ಕೇಳಿದ್ದಾಳೆ. ಅವನು ಮೆಟ್ಟಿಲಿಳಿದ ಸದ್ದು ಪೂರ್ತಿ ಮುಗಿಯದೆ ಅವಳು ಬಾಯಿ ತೆರೆಯುವುದಿಲ್ಲ.

ಅವನು ಇಳಿಯತೊಡಗಿದ. ಮೊದಲ ಮೆಟ್ಟಿಲಿನ ಮೇಲೆ ಶೂವನ್ನು ಜೋರಾಗಿ ಊರಿದ. ಎರಡನೆಯದರ ಮೇಲೆ ಇನ್ನೂ ಜೋರಾಗಿ. ಕೀಲಿಕೈ ಗೊಂಚಲನ್ನು ಗೆಜ್ಜೆಯ ಹಾಗೆ ಆಡಿಸುತ್ತಾ, ಮೂರನೇ ಮಹಡಿಯಲ್ಲಿ ಬೇಕೆಂದೇ ಕೆಮ್ಮುತ್ತಾ, ಐವತ್ತೆರಡು ಮೆಟ್ಟಿಲನ್ನೂ ಒಂದೂ ಬಿಡದೆ ತುಳಿದುಕೊಂಡು ಇಳಿದ. ಬೀದಿಬಾಗಿಲನ್ನು ದಢಾರನೆ ಎಳೆದ. ಹೊರಗೆ ಬಸ್ಸುಗಳ ಗಲಾಟೆಯಲ್ಲಿ ನಾಲ್ಕನೇ ಮಹಡಿಯ ಯಾವ ಸದ್ದೂ ಕೇಳುವಂತಿರಲಿಲ್ಲ. ಶುರುವಾಯಿತೋ ಇಲ್ಲವೋ ತಿಳಿಯುವ ಬಗೆ ಇರಲಿಲ್ಲ. ಅವನು ಕಿಟಕಿಯ ಕಡೆ ತಲೆಯೆತ್ತದೆ, ಡಬ್ಬಿ ಹಿಡಿದುಕೊಂಡು ನಡೆದ. ಗಂಟೆ ಒಂದಾಗಿತ್ತು. ಏಳಕ್ಕೆ ಇನ್ನೂ ಆರು ಗಂಟೆ ಇತ್ತು.